ಕರಾರು ಪತ್ರವಿಲ್ಲ, ರಾಯಧನವೂ ಬಂದಿಲ್ಲ: ಲೇಖಕಿಗೆ ದಾರಿ ಯಾವುದು?

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ನನ್ನ ಕಥಾಸಂಕಲನ ಹೊರಬಂದು ಎರಡೂವರೆ ವರ್ಷವಾಯಿತು. ಸಾವಿರ ಪ್ರತಿ ಹಾಕಿಸುತ್ತೇನೆ, ಶೇ 10 ರಾಯಧನ ಕೊಡುತ್ತೇನೆ ಎಂದು ಪ್ರಕಾಶಕರು ವಾಟ್ಸ್‌ಆ್ಯಪ್‌ನಲ್ಲಿ ಬರೆದಿದ್ದರು. ಕರಾರು ಪತ್ರ ಮಾಡಿಕೊಳ್ಳಲಿಲ್ಲ. ಬಿಡುಗಡೆಯ ದಿನ ಒಂದಿಷ್ಟು ಗೌರವ ಪ್ರತಿ ಕೊಟ್ಟರು, ಅಷ್ಟೇ. ಪುಸ್ತಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ ಆಯ್ಕೆಯಾಯಿತು ಎಂದು ಕೇಳಿದೆ. ವಿಚಾರಿಸಿದಾಗಲೆಲ್ಲ ‘ಲೈಬ್ರರಿ ದುಡ್ಡು ಇನ್ನೂ ಬಂದಿಲ್ಲ ಮೇಡಂ, ಬಂದ ಕೂಡಲೇ ಕೊಡ್ತೀನಿ’ ಎನ್ನುತ್ತಾರೆ. ಕಳೆದ ತಿಂಗಳು ಚರ್ಚ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ನನ್ನ ಪುಸ್ತಕದ ಎರಡನೇ ಮುದ್ರಣ ಕಣ್ಣಿಗೆ ಬಿತ್ತು. ನನಗೆ ತಿಳಿಸಿಯೇ ಇರಲಿಲ್ಲ. ಕೈಯಲ್ಲಿ ಕಾಗದವೇ ಇಲ್ಲದ ಮೇಲೆ ಕಾನೂನಿನಲ್ಲಿ ನನಗೇನಾದರೂ ದಾರಿ ಇದೆಯೇ?
— ಹೆಸರು ಬೇಡ, ಹಲಸೂರು

ಉತ್ತರ: ಇದೆ. ಕಾಗದ ಇಲ್ಲದಿರುವುದರಿಂದ ನಿಮಗಿಂತ ಹೆಚ್ಚು ತೊಂದರೆ ಆಗುವುದು ನಿಮ್ಮ ಪ್ರಕಾಶಕರಿಗೆ. ಹಕ್ಕುಸ್ವಾಮ್ಯ ಕಾಯ್ದೆ 1957ರ ಕಲಂ 19ರ ಪ್ರಕಾರ, ಕೃತಿಯ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕಾದರೆ ಅದು ಬರವಣಿಗೆಯಲ್ಲಿರಬೇಕು, ವರ್ಗಾಯಿಸುವವರ ರುಜು ಇರಬೇಕು. ನೀವು ಎಲ್ಲೂ ರುಜು ಹಾಕಿಲ್ಲ. ಆದ್ದರಿಂದ ಆ ಹನ್ನೆರಡೋ ಹದಿನೈದೋ ಕಥೆಗಳ ಪೂರ್ತಿ ಒಡೆತನ ಇವತ್ತಿಗೂ ನಿಮ್ಮದೇ. ಪ್ರಕಾಶಕರ ಕೈಯಲ್ಲಿರುವುದು ಹೆಚ್ಚೆಂದರೆ ಸಾವಿರ ಪ್ರತಿ ಅಚ್ಚು ಹಾಕಿಸಿ ಮಾರಲು ನೀವು ಬಾಯಿಮಾತಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಕೊಟ್ಟ ಒಪ್ಪಿಗೆ. ಹಕ್ಕುಸ್ವಾಮ್ಯವನ್ನು ನೋಂದಾಯಿಸಿಲ್ಲವೆಂದೂ ಕಂಗೆಡಬೇಡಿ, ಅದು ಕಡ್ಡಾಯವಲ್ಲ. ಪುಸ್ತಕದ ಮೇಲೆ ಲೇಖಕಿ ಎಂದು ಯಾರ ಹೆಸರಿದೆಯೋ ಅವರೇ ಲೇಖಕಿ ಎಂದು ನ್ಯಾಯಾಲಯ ಭಾವಿಸಿಕೊಂಡು ಮುಂದುವರಿಯುತ್ತದೆ. ಅಲ್ಲವೆನ್ನುವವರು ಅದನ್ನು ರುಜುವಾತು ಮಾಡಬೇಕು.

ನಿಮ್ಮನ್ನು ನಿಜವಾಗಿ ಕಾಡಬೇಕಾದದ್ದು ಕಾಲ. ಬಾಕಿ ಹಣಕ್ಕೆ ದಾವೆ ಹೂಡಲು ಕಾಲಮಿತಿ ಕಾಯ್ದೆ ಕೊಟ್ಟಿರುವುದು ಮೂರು ವರ್ಷ. ಹಣ ಕೊಡಬೇಕಾದ ದಿನದಿಂದ ಅದು ಓಡಲು ಶುರುವಾಗುತ್ತದೆ. ನಿಮ್ಮ ಮಾತುಕತೆಯಲ್ಲಿ ‘ವರ್ಷಕ್ಕೊಮ್ಮೆ ಲೆಕ್ಕ’ ಎಂದಿದ್ದರೆ ಆಯಾ ವರ್ಷದ ಬಾಕಿಗೆ ಬೇರೆ ಬೇರೆ ಗಡುವು. ಏನೂ ಹೇಳಿಲ್ಲವಾದರೆ ಯಾವ ದಿನದಿಂದ ಎಣಿಸಬೇಕೆಂಬುದೇ ತಕರಾರಿನ ವಿಷಯವಾಗುತ್ತದೆ. ಹೀಗಿರುವಾಗ ಪುಸ್ತಕ ಬಿಡುಗಡೆಯಾದ ದಿನವನ್ನೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಅಂದರೆ ನಿಮಗೆ ಉಳಿದಿರುವುದು ಆರು ತಿಂಗಳು.

‘ಬಂದ ಕೂಡಲೇ ಕೊಡ್ತೀನಿ’ ಎಂಬ ಮಾತು ಇಲ್ಲಿ ನಿಮ್ಮ ನೆರವಿಗೆ ಬರಬಹುದು. ಮೂರು ವರ್ಷ ಮುಗಿಯುವ ಮೊದಲೇ ಸಾಲಗಾರ ತನ್ನ ಬಾಕಿಯನ್ನು ಬರೆದು ರುಜು ಹಾಕಿ ಒಪ್ಪಿಕೊಂಡರೆ, ಕಾಲಮಿತಿ ಕಾಯ್ದೆಯ ಕಲಂ 18ರ ಪ್ರಕಾರ ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ‘ಕೊಡುವ ಸಮಯ ಇನ್ನೂ ಬಂದಿಲ್ಲ’ ಎಂದು ಸೇರಿಸಿ ಬರೆದರೂ ಅದು ಒಪ್ಪಿಗೆಯೇ ಎಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ಆದರೆ ಫೋನಿನಲ್ಲಿ ಆಡಿದ ಮಾತು ಇದಕ್ಕೆ ನಡೆಯದು. ವಾಟ್ಸ್‌ಆ್ಯಪ್ ಸಂದೇಶವನ್ನು ರುಜು ಹಾಕಿದ ಬರಹವೆಂದು ಒಪ್ಪಬೇಕೋ ಬೇಡವೋ ಎಂಬ ವಾದವೂ ಎದ್ದೇಳುತ್ತದೆ. ಹಾಗಾಗಿ ಒಂದು ಇ–ಮೇಲ್ ಮಾಡಿ: ‘ಇಷ್ಟು ಪ್ರತಿ ಮಾರಾಟವಾಗಿದೆ, ಇಷ್ಟು ರಾಯಧನ ಬಾಕಿಯಿದೆ ಎಂದು ತಿಳಿದಿದ್ದೇನೆ, ಲೆಕ್ಕ ಸರಿಯಿದೆಯೇ ತಿಳಿಸಿ.’ ಉತ್ತರವನ್ನು ಬರಹದಲ್ಲೇ ಪಡೆಯಿರಿ. ಒಂದು ಸಣ್ಣ ಕಂತು ಕೊಟ್ಟರೆ ಅದನ್ನೂ ಬ್ಯಾಂಕ್ ಮೂಲಕವೇ, ಜೊತೆಗೆ ‘ಇಂಥ ಪುಸ್ತಕದ ರಾಯಧನದ ಬಾಬ್ತು’ ಎಂದು ಅವರಿಂದ ಬರೆಸಿಕೊಂಡೇ ತೆಗೆದುಕೊಳ್ಳಿ. ಭಾಗಶಃ ಪಾವತಿಯಿಂದಲೂ ಕಾಲಮಿತಿ ಹೊಸದಾಗಿ ಶುರುವಾಗುತ್ತದೆ.

ಇನ್ನು ಆ ‘ಲೈಬ್ರರಿ ದುಡ್ಡು’. ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಪ್ರಕಾಶಕರಿಗೆ ಹಣ ತಡವಾಗುವುದು ಸುಳ್ಳಲ್ಲ. ಕನ್ನಡದ ಸಣ್ಣ ಪ್ರಕಾಶಕರ ಉಸಿರಾಟವೇ ಈ ಖರೀದಿಯ ಮೇಲೆ ನಿಂತಿದೆ, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಆ ಕಷ್ಟವನ್ನು ನೀವು ಹೊರಬೇಕೆಂದು ಎಲ್ಲೂ ಒಪ್ಪಂದವಾಗಿಲ್ಲ. ಕಾಗದದ ಅಂಗಡಿಯವರು, ಬೈಂಡಿಂಗ್‌ನವರು, ಡಿಟಿಪಿ ಮಾಡಿದ ಹುಡುಗ, ಇವರೆಲ್ಲರಿಗೂ ಇಲಾಖೆಯ ಹಣಕ್ಕೆ ಕಾಯದೆ ಪಾವತಿಯಾಗಿರುತ್ತದೆ. ಪುಸ್ತಕ ಬರೆದವರು ಮಾತ್ರ ಕಾಯಬೇಕು ಎನ್ನುವುದು ಅನ್ಯಾಯ.

ಹಣ ಬಂದಿದೆಯೋ ಇಲ್ಲವೋ ಎಂದು ನೀವೇ ತಿಳಿದುಕೊಳ್ಳಬಹುದು. ಮಾಹಿತಿ ಹಕ್ಕು ಕಾಯ್ದೆ 2005ರಡಿ ಗ್ರಂಥಾಲಯ ಇಲಾಖೆಗೆ ಒಂದು ಅರ್ಜಿ, ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಇಷ್ಟು ಕೇಳಿದರೆ ಸಾಕು: ಈ ಶೀರ್ಷಿಕೆಯ ಪುಸ್ತಕವನ್ನು ಯಾವ ವರ್ಷದ ಆಯ್ಕೆಯಲ್ಲಿ, ಎಷ್ಟು ಪ್ರತಿ, ಯಾವ ದರಕ್ಕೆ ಖರೀದಿಸಲಾಗಿದೆ, ಪ್ರಕಾಶಕರಿಗೆ ಎಷ್ಟು ಹಣ ಯಾವ ದಿನಾಂಕದಂದು ಪಾವತಿಯಾಗಿದೆ. ಸಾರ್ವಜನಿಕ ಹಣದಲ್ಲಿ ಕೊಂಡ ಪುಸ್ತಕದ ಲೆಕ್ಕ ಇದು, ಮುಚ್ಚಿಡುವಂಥದ್ದಲ್ಲ. ಪ್ರಕಾಶಕರು ಲೆಕ್ಕವನ್ನೇ ಕೊಡದಿರುವಾಗ ಕರ್ನಾಟಕದ ಲೇಖಕರ ಕೈಯಲ್ಲಿರುವ ಅತಿ ಗಟ್ಟಿ ಸಾಕ್ಷ್ಯ ಇದೇ ಎಂದು ನನ್ನ ಅಭಿಪ್ರಾಯ. ತುಂಬ ಕಡಿಮೆ ಜನ ಇದನ್ನು ಬಳಸುತ್ತಾರೆ.

ಉದಾಹರಣೆಗೆ ಮುಖಬೆಲೆ 250 ರೂಪಾಯಿ ಎಂದುಕೊಳ್ಳೋಣ. ಶೇ 10ರಂತೆ ಪ್ರತಿಗೆ 25 ರೂಪಾಯಿ. ಇಲಾಖೆ 300 ಪ್ರತಿ ಕೊಂಡಿದ್ದರೆ 7,500. ಬಿಡಿ ಮಾರಾಟದಲ್ಲಿ 400 ಹೋಗಿದ್ದರೆ 10,000. ಒಟ್ಟು 17,500 ರೂಪಾಯಿ. ಎರಡನೇ ಮುದ್ರಣದ ಲೆಕ್ಕ ಇದರ ಮೇಲೆ. ದೊಡ್ಡ ಮೊತ್ತವಲ್ಲ, ನಿಜ. ‘ಇಷ್ಟಕ್ಕೆ ಕೋರ್ಟಿಗೆ ಹೋಗುತ್ತಾರೆಯೇ’ ಎಂದು ಮನೆಯವರೇ ಕೇಳುತ್ತಾರೆ. ಪ್ರಕಾಶಕರ ಧೈರ್ಯವೂ ಅದೇ ಪ್ರಶ್ನೆಯ ಮೇಲೆ ನಿಂತಿದೆ.

ಕೇಳಲು ಸಂಕೋಚಪಡುವುದು ನಮ್ಮ ಸಾಹಿತ್ಯಲೋಕದ ಹಳೆಯ ಅಭ್ಯಾಸ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದನ್ನು ತ್ಯಾಗದ ಕಥೆಯಾಗಿ ಹೇಳಿಕೊಂಡು ಬಂದಿದ್ದೇವೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮದೇ ಹರ್ಷ ಮುದ್ರಣಾಲಯ ಕಟ್ಟಿದರು. ಅದೇ ಕಾರಂತರ ಹಕ್ಕಿನ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತಮ್ಮ ಸಾಹಿತ್ಯ ಕೃತಿಗಳ ಹಕ್ಕುಸ್ವಾಮ್ಯ ಮತ್ತು ರಾಯಧನ ಬಿ. ಮಾಲಿನಿ ಮಲ್ಯ ಅವರಿಗೆ ಸೇರಬೇಕೆಂದು ಅವರು 1994ರಲ್ಲಿ ಉಯಿಲು ಬರೆದಿದ್ದರು. 1997ರಲ್ಲಿ ಕಾರಂತರು ತೀರಿಕೊಂಡ ಮೇಲೆ ಅವರು ರೂಪಿಸಿದ ಯಕ್ಷಗಾನ ಬ್ಯಾಲೆಗಳ ಹಕ್ಕು ಯಾರದು ಎಂಬ ವ್ಯಾಜ್ಯ ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ಹುಟ್ಟಿ, ಹೈಕೋರ್ಟ್ ದಾಟಿ, 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮಲ್ಯ ಅವರ ಹಕ್ಕನ್ನು ಎತ್ತಿಹಿಡಿಯುವುದರೊಂದಿಗೆ ಮುಗಿಯಿತು; ಕಾನೂನು ವಿನಾಯಿತಿ ಕೊಟ್ಟಿರುವ ಬಗೆಯ ಪ್ರದರ್ಶನಗಳಿಗೆ ಮಾತ್ರ ಅಡ್ಡಿಯಿಲ್ಲವೆಂದು ಕೋರ್ಟ್ ಹೇಳಿತು. ಅಲ್ಲಿದ್ದದ್ದು ರಾಯಧನ ಕೊಡದ ಪ್ರಕರಣವಲ್ಲ. ನಾನು ಅದನ್ನು ನೆನಪಿಸುವುದು ಬೇರೆ ಕಾರಣಕ್ಕೆ: ಕೃತಿಯ ಹಕ್ಕು ಹೊಲ ಮನೆಯಂತೆ ಆಸ್ತಿ, ಉಯಿಲಿನಲ್ಲಿ ಬರೆಯಬಹುದಾದ, ಲೇಖಕರ ಮರಣಾನಂತರ 60 ವರ್ಷ ವಾರಸುದಾರರ ಕೈಯಲ್ಲಿ ಉಳಿಯುವ ಆಸ್ತಿ. ಅದರ ಆದಾಯ ಕೇಳುವುದರಲ್ಲಿ ನಾಚಿಕೆಗೇನೂ ಜಾಗವಿಲ್ಲ. ಹಿಂದಿಯ ಹಿರಿಯ ಲೇಖಕ ವಿನೋದ್ ಕುಮಾರ್ ಶುಕ್ಲ ತಮಗೆ ಬರುತ್ತಿರುವ ರಾಯಲ್ಟಿ ತೀರ ಅಲ್ಪವೆಂದು 2022ರಲ್ಲಿ ಬಹಿರಂಗವಾಗಿ ಹೇಳಿದಾಗ ಆ ಭಾಷೆಯ ಪ್ರಕಾಶನ ಲೋಕವೇ ಚರ್ಚೆಗೆ ಬಿತ್ತು. 2025ರಲ್ಲಿ ಬೇರೊಂದು ಪ್ರಕಾಶನ ಅವರಿಗೆ 30 ಲಕ್ಷ ರೂಪಾಯಿಯ ರಾಯಧನ ನೀಡಿತು.

ಈಗ ನೋಟಿಸ್‌ಗೆ ಬರೋಣ. ವಕೀಲರ ಮೂಲಕ ಕೊಡಿಸಿದರೆ ತೂಕ ಹೆಚ್ಚು. ನೀವೇ ಬರೆದರೂ ಕಾನೂನಿನಲ್ಲಿ ಅಡ್ಡಿಯಿಲ್ಲ. ಅದರಲ್ಲಿ ಇರಬೇಕಾದದ್ದು: ವಾಟ್ಸ್‌ಆ್ಯಪ್‌ನಲ್ಲಿ ಯಾವ ದಿನ ಏನು ಒಪ್ಪಿದರು ಎಂಬುದು, ಎರಡೂ ಮುದ್ರಣಗಳ ಪೂರ್ಣ ಲೆಕ್ಕ, ಅಂದರೆ ಅಚ್ಚಾದ ಪ್ರತಿ, ಮಾರಿದ್ದು, ಉಳಿದದ್ದು, ಮುದ್ರಣಾಲಯದ ಬಿಲ್ಲು, ಬಾಕಿ ರಾಯಧನ, ಕೊಡಲು ಹದಿನೈದು ದಿನದ ಗಡುವು. ಬಡ್ಡಿ ಕೇಳುತ್ತೀರಿ ಎಂಬುದನ್ನೂ ಸ್ಪಷ್ಟವಾಗಿ ಬರೆಯಿರಿ. ಲಿಖಿತ ಕರಾರಿಲ್ಲದ ಬಾಕಿಗೆ ಬಡ್ಡಿ ಕಾಯ್ದೆಯ ಪ್ರಕಾರ ಬಡ್ಡಿ ಎಣಿಸುವುದು ಇಂಥ ಲಿಖಿತ ನೋಟಿಸಿನ ದಿನದಿಂದ. ಈ ಒಂದು ಸಾಲನ್ನು ಮರೆತು ಅಷ್ಟೂ ಬಡ್ಡಿ ಕಳೆದುಕೊಳ್ಳುವವರಿದ್ದಾರೆ. ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು: ‘ಈ ಕೃತಿಯನ್ನು ಮುದ್ರಿಸಲು, ಮಾರಲು ನಾನು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂತೆಗೆದುಕೊಂಡಿದ್ದೇನೆ’ ಎಂಬ ಮಾತು. ರಿಜಿಸ್ಟರ್ಡ್ ಪೋಸ್ಟ್ ಸೇವೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಸ್ಪೀಡ್ ಪೋಸ್ಟಿನಲ್ಲೇ ಸ್ವೀಕೃತಿ ಸಮೇತ ಕಳಿಸಿ, ರಸೀದಿ ಜೋಪಾನ ಮಾಡಿ. ಅದೇ ಪ್ರತಿಯನ್ನು ಇ–ಮೇಲ್‌ನಲ್ಲೂ ಹಾಕಿ.

ಆ ಎರಡನೇ ಮುದ್ರಣದ ಒಂದು ಪ್ರತಿಯನ್ನು ನಾಳೆಯೇ ಹೋಗಿ ಕೊಂಡುಕೊಳ್ಳಿ. ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿ ಪುಸ್ತಕದ ಹೆಸರು, ದಿನಾಂಕ ಇರಲಿ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ‘ಮೊದಲ ಮುದ್ರಣ’, ‘ಎರಡನೇ ಮುದ್ರಣ’ ಎಂದು ಇಸವಿ ಸಮೇತ ಅಚ್ಚಾಗಿರುತ್ತದೆ, ಹಕ್ಕುಗಳು ಯಾರವು ಎಂದೂ ಇರುತ್ತದೆ, ಕೆಳಗೆ ಮುದ್ರಣಾಲಯದ ಹೆಸರಿರುತ್ತದೆ. ಅಲ್ಲಿ ‘ಹಕ್ಕುಗಳು: ಲೇಖಕರವು’ ಎಂದಿದ್ದರೆ ಪ್ರಕಾಶಕರು ತಾವೇ ಅಚ್ಚು ಹಾಕಿಸಿಕೊಟ್ಟ ಸಾಕ್ಷ್ಯ ಅದು. ಮುದ್ರಣಾಲಯವನ್ನು ಸಾಕ್ಷಿಯಾಗಿ ಕರೆಸಿದರೆ ಎಷ್ಟು ಪ್ರತಿ ಅಚ್ಚಾಯಿತು ಎಂಬುದು ಹೊರಗೆ ಬರುತ್ತದೆ. ವಾಟ್ಸ್‌ಆ್ಯಪ್ ಮಾತುಕತೆಯನ್ನು ಪೂರ್ತಿಯಾಗಿ ರಫ್ತು ಮಾಡಿಟ್ಟುಕೊಳ್ಳಿ, ಆದರೆ ಆ ಫೋನನ್ನು ಮಾರಬೇಡಿ, ಅಳಿಸಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಇಂಥ ದಾಖಲೆಗೆ ಕಲಂ 63ರ ಪ್ರಮಾಣಪತ್ರ ಬೇಕು. ಅದರ ಒಂದು ಭಾಗವನ್ನು ನೀವು, ಇನ್ನೊಂದು ಭಾಗವನ್ನು ತಜ್ಞರು ತುಂಬಬೇಕು. ನಿಮ್ಮ ಪ್ಯಾನ್ ಹೆಸರಿನ 26ಎಎಸ್ ಎಂಬ ತೆರಿಗೆ ಕಡಿತದ ವಿವರವನ್ನೂ ಒಮ್ಮೆ ತೆರೆದು ನೋಡಿ. ಪ್ರಕಾಶಕರು ನಿಮ್ಮ ಹೆಸರಿನಲ್ಲಿ ತೆರಿಗೆ ಕಡಿತ ತೋರಿಸಿದ್ದರೆ ರಾಯಧನ ಕೊಡಬೇಕಿತ್ತೆಂದು ಅವರೇ ಒಪ್ಪಿದ ಹಾಗೆ.

ನೋಟಿಸ್‌ಗೂ ಜಗ್ಗದಿದ್ದರೆ ನಿಮ್ಮ ಮುಂದೆ ಎರಡು ಬೇರೆ ಬೇರೆ ಹಕ್ಕುಗಳಿವೆ, ಅವನ್ನು ಕಲಸಿಕೊಳ್ಳಬಾರದು. ಮೊದಲನೆಯದು ಮೊದಲ ಮುದ್ರಣದ ಬಾಕಿ. ಅದು ಲೆಕ್ಕ ಕೇಳುವ, ಹಣ ವಸೂಲಿಯ ದಾವೆ. ಶೇ 10ರ ಮಾತನ್ನು ಪ್ರಕಾಶಕರು ಅಲ್ಲಗಳೆದರೂ, ಪುಕ್ಕಟೆಯಾಗಿ ಕೊಡುವ ಉದ್ದೇಶವಿಲ್ಲದೆ ಕೊಟ್ಟದ್ದರಿಂದ ಲಾಭ ಪಡೆದವರು ಪರಿಹಾರ ಕೊಡಬೇಕು ಎಂದು ಕರಾರು ಕಾಯ್ದೆಯ ಕಲಂ 70 ಹೇಳುತ್ತದೆ. ಎರಡನೆಯದು ನಿಮಗೆ ತಿಳಿಸದೆ ತಂದ ಎರಡನೇ ಮುದ್ರಣ. ಅದು ಹಕ್ಕುಸ್ವಾಮ್ಯದ ಉಲ್ಲಂಘನೆ. ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 55ರಡಿ ಮಾರಾಟಕ್ಕೆ ತಡೆಯಾಜ್ಞೆ, ನಷ್ಟಪರಿಹಾರ, ಲಾಭದ ಲೆಕ್ಕ ಕೇಳಬಹುದು. ‘ಮೊದಲೇ ಒಪ್ಪಿದ್ದರಲ್ಲ’ ಎಂದು ಅವರು ವಾದಿಸುತ್ತಾರೆ. ಒಪ್ಪಿದ್ದು ಸಾವಿರ ಪ್ರತಿಗೆ ಎಂಬುದು ಅವರದೇ ಸಂದೇಶದಲ್ಲಿದೆ. ನೋಟಿಸಿನ ನಂತರವೂ ಮಾರಿದರೆ ಆ ವಾದಕ್ಕೂ ಜಾಗ ಉಳಿಯದು. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಕರಣದ ಬಲ ಇರುವುದು ಈ ಎರಡನೇ ಮುದ್ರಣದಲ್ಲೇ. ಬಾಕಿ ಹಣಕ್ಕೆ ಜಗ್ಗದವರು ತಡೆಯಾಜ್ಞೆಯ ಅರ್ಜಿಗೆ ಮಾತುಕತೆಗೆ ಬರುತ್ತಾರೆ.

ಉಲ್ಲಂಘನೆಯ ದಾವೆಯಲ್ಲಿ ಇನ್ನೊಂದು ಅನುಕೂಲವಿದೆ. ಕಲಂ 62ರ ಪ್ರಕಾರ ಲೇಖಕರು ತಾವು ವಾಸಿಸುವ ಊರಿನಲ್ಲೇ ದಾವೆ ಹೂಡಬಹುದು. ಕಾಸರಗೋಡಿನ ಲೇಖಕರು ಬೆಂಗಳೂರಿನ ಪ್ರಕಾಶಕರ ಮೇಲೆ ಕಾಸರಗೋಡಿನಲ್ಲೇ ಹೂಡಬಹುದು ಎಂಬುದು ಗಡಿಯಾಚೆಯ ನಮ್ಮ ಬರಹಗಾರರಿಗೆ ತಿಳಿದಿರಲಿ. ನಿಮ್ಮ ಮನೆ ಹಲಸೂರಿನಲ್ಲಿ. ದಂಡು ಪ್ರದೇಶದ ಸಿವಿಲ್ ವ್ಯಾಜ್ಯಗಳು ಬರುವುದು ಎಂ.ಜಿ. ರಸ್ತೆಯ ಬದಿಯ ಮೇಯೋ ಹಾಲ್‌ಗೆ. ಅಂಡಮಾನಿನಲ್ಲಿ 1872ರಲ್ಲಿ ಹತ್ಯೆಯಾದ ವೈಸ್‌ರಾಯ್ ಲಾರ್ಡ್ ಮೇಯೋ ಹೆಸರಿನಲ್ಲಿ ಕಟ್ಟಿ 1883ರಲ್ಲಿ ತೆರೆದ ಕಟ್ಟಡ ಅದು. ಇಂದು ಅದರ ಆವರಣದಲ್ಲಿ ನಗರ ಸಿವಿಲ್ ನ್ಯಾಯಾಲಯದ, ಲಘು ವ್ಯವಹಾರಗಳ ನ್ಯಾಯಾಲಯದ ಪೀಠಗಳಿವೆ. ಶಿವಾಜಿನಗರ, ಇಂದಿರಾನಗರ, ಕೆ.ಆರ್. ಪುರದವರು ತಮ್ಮ ವಿಳಾಸ ಯಾವ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೆಂದು ವಕೀಲರಿಂದ ಮೊದಲೇ ಖಚಿತ ಮಾಡಿಕೊಳ್ಳಿ. ದಾವೆಯ ಮೌಲ್ಯ ಮೂರು ಲಕ್ಷ ಅಥವಾ ಹೆಚ್ಚಾದರೆ ಅದು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ತುರ್ತು ತಡೆಯಾಜ್ಞೆ ಬೇಡದ ಪ್ರಕರಣಗಳಿಗೆ ದಾವೆಗೆ ಮುಂಚಿನ ಮಧ್ಯಸ್ಥಿಕೆ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ವಕೀಲರ ಫೀಜಿಗೆ ಹೆದರಬೇಡಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ ಕಲಂ 12 ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡುತ್ತದೆ. ನಿವೃತ್ತಿ ವೇತನ ಬರುತ್ತದೆಂಬ ಕಾರಣಕ್ಕೆ ನಿಮ್ಮನ್ನು ಹಿಂದಕ್ಕೆ ಕಳಿಸುವಂತಿಲ್ಲ. ಸಹಾಯವಾಣಿ 15100. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವೂ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವೂ ಇವೆ. ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿಗೆ ಅರ್ಜಿ ಕೊಡಬಹುದು, ಶುಲ್ಕವಿಲ್ಲ. ಅಲ್ಲಿ ರಾಜಿಯಾದರೆ ಅದು ಡಿಕ್ರಿಗೆ ಸಮ, ಮೇಲ್ಮನವಿಯಿಲ್ಲ. ಹದಿನೇಳು ಹದಿನೆಂಟು ಸಾವಿರದ ಬಾಕಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅರ್ಜಿ ಹಾಕಿದ ಮಾತ್ರಕ್ಕೆ ಮೂರು ವರ್ಷದ ಗಡುವು ನಿಂತುಬಿಡುತ್ತದೆ ಎಂದು ಮಾತ್ರ ನಂಬಿ ಕೂರಬೇಡಿ.

ರಾಜಿಯಲ್ಲಿ ಕಂತುಗಳಿಗೆ ಒಪ್ಪಿದರೆ ಮುಂದಿನ ದಿನಾಂಕದ ಚೆಕ್ಕುಗಳನ್ನು ಪಡೆಯಿರಿ. ಚೆಕ್ಕು ವಾಪಸಾದರೆ ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ 15 ದಿನ ಕಾಯುವುದು, ನಂತರದ ಒಂದು ತಿಂಗಳೊಳಗೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ದೂರು. ನಿಮ್ಮ ಖಾತೆಯಿರುವ ಶಾಖೆ ಯಾವ ನ್ಯಾಯಾಲಯದ ವ್ಯಾಪ್ತಿಯಲ್ಲಿದೆಯೋ ಅಲ್ಲೇ ದೂರು ದಾಖಲಾಗುತ್ತದೆ.

ಪೊಲೀಸ್ ಠಾಣೆಗೆ ಹೋಗುವುದನ್ನು ನಾನು ಸಲಹೆ ಮಾಡುವುದಿಲ್ಲ. ರಾಯಧನ ಕೊಡಲಿಲ್ಲ ಎಂದರೆ ‘ಇದು ಸಿವಿಲ್ ವಿಷಯ’ ಎನ್ನುತ್ತಾರೆ, ಅದು ಸರಿಯೂ ಹೌದು. ಬೇಕೆಂದೇ ಹಕ್ಕುಸ್ವಾಮ್ಯ ಉಲ್ಲಂಘಿಸುವುದು ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 63ರಡಿ ಮೂರು ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ಅದು ಕಳ್ಳಮುದ್ರಣದಂಥ ಪ್ರಕರಣಗಳಿಗೆ ಒಪ್ಪುವ ಅಸ್ತ್ರ, ಬಾಕಿ ವಸೂಲಿಗೆ ಬೆದರಿಕೆಯಾಗಿ ಬಳಸುವುದಲ್ಲ. ಗ್ರಾಹಕ ಆಯೋಗವೂ ನಿಮಗೆ ಹೊಂದುವುದಿಲ್ಲ, ಏಕೆಂದರೆ ಪ್ರಕಾಶಕರಿಗೆ ನೀವು ಹಣ ಕೊಟ್ಟಿಲ್ಲ. ಮುದ್ರಣದ ಖರ್ಚು ತಾವೇ ಕೊಟ್ಟು, ಹೇಳಿದಷ್ಟು ಪ್ರತಿ ಸಿಗದೆ ಮೋಸಹೋದ ಲೇಖಕರಿಗೆ ಆ ಬಾಗಿಲು ತೆರೆದಿದೆ. ಎರಡು ವರ್ಷದೊಳಗೆ, ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಕರಾರಿಗೆ ರುಜು ಹಾಕಿರುವ ಓದುಗರಿಗೂ ಎರಡು ಮಾತು. ಅವಧಿ ನಮೂದಿಸಿರದಿದ್ದರೆ ವರ್ಗಾವಣೆ ಐದು ವರ್ಷಕ್ಕೆ ಮಾತ್ರ. ಪಡೆದ ಹಕ್ಕನ್ನು ಪ್ರಕಾಶಕರು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲವಾದರೆ, ಆ ಹಕ್ಕು ಬಿದ್ದುಹೋಗುತ್ತದೆ. ರಾಯಧನದ ತಕರಾರಿಗೆ ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 19ಎ ಇದೆ. ಮೊದಲು ಕಾಪಿರೈಟ್ ಬೋರ್ಡಿನ ಮುಂದೆ ಹೋಗುತ್ತಿದ್ದ ಈ ದೂರು, 2021ರ ತಿದ್ದುಪಡಿಯ ನಂತರ ವಾಣಿಜ್ಯ ನ್ಯಾಯಾಲಯದ ಮುಂದೆ ಹೋಗುತ್ತದೆ. ಆರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆಯೇ ಹೇಳಿದೆ. ಕರಾರಿನಲ್ಲಿ ಪಂಚಾಯ್ತಿಯ ಕಲಮು, ಅಂದರೆ ಆರ್ಬಿಟ್ರೇಷನ್, ಇದ್ದರೆ ಹಣದ ದಾವೆ ಮೊದಲು ಅಲ್ಲಿಗೇ ಹೋಗಬೇಕಾಗುತ್ತದೆ. ರುಜು ಹಾಕುವ ಮುಂಚೆ ಆ ಕಲಮನ್ನು ಓದಿ.

ಮಾಹಿತಿ ಹಕ್ಕಿನ ಅರ್ಜಿಯನ್ನು ಈ ವಾರವೇ ಹಾಕಿ, ಮೇಡಂ. ಅದರ ಉತ್ತರಕ್ಕೆ ಕಾಯದೆ ನೋಟಿಸನ್ನೂ ಕಳಿಸಿ. ನೋಟಿಸಿನ ಹದಿನೈದು ದಿನ ಮುಗಿದ ಮರುದಿನ 15100ಕ್ಕೆ ಕರೆ ಮಾಡಿ ವಕೀಲರನ್ನು ಕೇಳಿ ಪಡೆಯಿರಿ.